ಚಂಡಮಾರುತದ ಋತು, ಬಲ ಮತ್ತು ಬೆಳೆಹಾನಿ: ಹಂಗಳ ಹೋಬಳಿಯ ಬಾಳೆ, ಅರಿಶಿನ ಬೆಳೆಗಾರರಿಗೆ ಮಾಹಿತಿ

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್ ಎನಿಸಿಕೊಳ್ಳುವ ಬಿರುಗಾಳಿಯೇ ಬಂಗಾಳ ಕೊಲ್ಲಿ ಹಾಗೂ ಅರಬ್ಬಿ ಸಮುದ್ರಗಳಲ್ಲಿ ಚಂಡಮಾರುತ. ಬೆಚ್ಚಗಿನ ಕಡಲಿನಿಂದ ಮೇಲೇಳುವ ನೀರಾವಿಯೇ ಇದರ ಇಂಧನ. ನಮ್ಮಲ್ಲಿ ಇದಕ್ಕೆ ಎರಡು ಋತುಗಳು: ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್, ಮುಂಗಾರು ಹಿಂದೆ ಸರಿದ ಬಳಿಕ ಅಕ್ಟೋಬರ್‌ನಿಂದ ಡಿಸೆಂಬರ್.

ಭಾರತೀಯ ಹವಾಮಾನ ಇಲಾಖೆಯು ಗಾಳಿಯ ವೇಗದಿಂದ ಇವುಗಳ ಬಲವನ್ನು ಗುರುತಿಸುತ್ತದೆ. ಗಂಟೆಗೆ 31 ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ; 50 ರಿಂದ 61 ತೀವ್ರ ವಾಯುಭಾರ ಕುಸಿತ; 62 ತಲುಪಿದಾಗ ಚಂಡಮಾರುತವೆಂದು ಹೆಸರಿಡಲಾಗುತ್ತದೆ. 89 ರಿಂದ ತೀವ್ರ, 118 ರಿಂದ ಅತಿ ತೀವ್ರ, 166 ರಿಂದ ಅತ್ಯಂತ ತೀವ್ರ, 221 ಮುಟ್ಟಿದರೆ ಸೂಪರ್ ಚಂಡಮಾರುತ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ 60 ರಿಂದ 90 ಕ್ಕೆ ಏರಿದರೆ ಗಿಡದ ಮೇಲಿನ ಒತ್ತಡ ಎರಡೂಕಾಲು ಪಟ್ಟಾಗುತ್ತದೆ.

ಆದರೆ ಈ ವರ್ಗೀಕರಣ ಗಾಳಿಯನ್ನು ಮಾತ್ರ ಅಳೆಯುತ್ತದೆ, ಮಳೆಯನ್ನಲ್ಲ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಹೆಸರು ಪಡೆದ ವರ್ಗಗಳಲ್ಲಿ ಕೆಳಗಿನದು. ಆದರೂ ದುರ್ಬಲಗೊಂಡು ಒಳನಾಡಿಗೆ ಸರಿದ ಮೇಲೆ, ನಮ್ಮ ಗಡಿಯ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಮಳೆ ಸುರಿಸಿತು. ಹಂಗಳದಿಂದ ಪೂರ್ವ ಕರಾವಳಿ ಮುನ್ನೂರು ಕಿ.ಮೀ.ಗೂ ದೂರ, ಪಶ್ಚಿಮಕ್ಕೆ ಘಟ್ಟಗಳ ತಡೆಯಿದೆ. ಆದ್ದರಿಂದ ಚಂಡಮಾರುತವು ಇಲ್ಲಿಗೆ ಸಾಮಾನ್ಯವಾಗಿ ಗಾಳಿಯಾಗಿ ಬಾರದೆ ಜಡಿಮಳೆಯಾಗಿ ಬರುತ್ತದೆ. ಹಿಂಗಾರಿನಲ್ಲಿ ನೀರು ನಿಂತ ಅರಿಶಿನಕ್ಕೆ ಗೆಡ್ಡೆ ಕೊಳೆ, ಈರುಳ್ಳಿಗೆ ನೇರಳೆ ಮಚ್ಚೆ ರೋಗ, ಕೊಯ್ದು ಹರಡಿದ ಹುರುಳಿಗೆ ಮೊಳಕೆ, ಇವೇ ನಿಜವಾದ ಹಾನಿ. ಮುನ್ಸೂಚನೆ ಬಂದ ಕೂಡಲೇ ಬಸಿಗಾಲುವೆ ತೆರೆಯಿರಿ. ಮಳೆ ನಿಂತ ಮೇಲೆ ಕೊಳೆ ಕಂಡ ಅರಿಶಿನದ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸುರಿಯಿರಿ.

ಗುಂಡ್ಲುಪೇಟೆ ಭಾಗದಲ್ಲಿ ಬಾಳೆಯನ್ನು ಮಲಗಿಸುವ ಗಾಳಿಯೇ ಬೇರೆ, ಅದಕ್ಕೆ ಹೆಸರೂ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆ ಎದ್ದ ಗುಡುಗು ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕಿ ನೆಲಕ್ಕೆ ಬಡಿದು ಹರಡುತ್ತದೆ. ಹತ್ತಿಪ್ಪತ್ತು ನಿಮಿಷ ಬೀಸಿ, ಒಂದು ತೋಟ ಕೆಡವಿ ಪಕ್ಕದ್ದನ್ನು ಬಿಟ್ಟು ಹೋಗುತ್ತದೆ. ಸಮುದ್ರದಲ್ಲಿ ಚಂಡಮಾರುತವಿಲ್ಲ ಎಂಬ ಸುದ್ದಿಯನ್ನು ನಂಬಿ ಊರೆಗೋಲು ನೆಡದೆ ಕೂರುವುದು ದುಬಾರಿಯಾದೀತು. ಬಾಳೆಯ ಕಾಂಡ ಮರವಲ್ಲ, ಎಲೆಗಳ ಬುಡ ಸುತ್ತಿಕೊಂಡ ರಚನೆ. ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಗೊನೆ ಬಿಟ್ಟ ಮೇಲೆ ಭಾರ ತಲೆಗೇರುತ್ತದೆ.

ಜೂನ್–ಜುಲೈನಲ್ಲಿ ನೆಟ್ಟ ಜಿ-9 ಬಾಳೆಯ ಗೊನೆ ತುಂಬುವುದು ಸರಿಯಾಗಿ ಈ ಗಾಳಿಯ ಕಾಲಕ್ಕೆ. ಒಂದೇ ತಿಂಗಳಲ್ಲಿ ಇಡೀ ತೋಟ ನೆಡದೆ ಹಂತಹಂತವಾಗಿ ನೆಡುವುದು ಒಳಿತು. ಗಿಡ ವಾಲಿದ ಕಡೆಯಿಂದ ಬಿದಿರು ಅಥವಾ ಸರ್ವೆ ಗಳ ಊರೆ ಕೊಡಿ, ಇಲ್ಲವೇ ಎದುರು ದಿಕ್ಕಿಗೆ ಹಗ್ಗ ಎಳೆದು ಕಟ್ಟಿ, ಬುಡಕ್ಕೆ ಮಣ್ಣೇರಿಸಿ. ಗುಡುಗಿನ ಮುನ್ಸೂಚನೆ ಇರುವ ದಿನ ಹೆಚ್ಚು ನೀರು ಹಾಯಿಸಬೇಡಿ, ಸಡಿಲ ಮಣ್ಣಿನಲ್ಲಿ ಬೇರು ಕೀಳುತ್ತದೆ. ಬದುವಿನಲ್ಲಿ ಸರ್ವೆ ಅಥವಾ ಸಿಲ್ವರ್ ಓಕ್ ಸಾಲು ನೆಡಬಹುದು, ಆದರೆ ಅದರ ಫಲಕ್ಕೆ ಕೆಲವು ವರ್ಷ ಕಾಯಬೇಕು. ಮುರಿದ ಗಿಡ ಕಡಿದು, ಬುಡಕ್ಕೊಂದು ಗಟ್ಟಿ ಕತ್ತಿಗಂದು ಉಳಿಸಿಕೊಂಡರೆ ಕೂಳೆ ಬೆಳೆ ಸಿಗುತ್ತದೆ.

ಮಂಗಳವಾರ ಮತ್ತು ಶುಕ್ರವಾರದ ಕೃಷಿ ಹವಾಮಾನ ಸಲಹೆಯನ್ನೂ ಮೇಘದೂತ್ ಆ್ಯಪ್ಅನ್ನೂ ಗಮನಿಸುತ್ತಿರಿ. ಹಾನಿಯಾದಾಗ ಗಿಡ ತೆರವುಗೊಳಿಸುವ ಮುನ್ನ ಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ; ಸರ್ಕಾರಿ ಪರಿಹಾರಕ್ಕೆ ಕನಿಷ್ಠ ಶೇ. 33 ಬೆಳೆನಷ್ಟ ಆಗಿರಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಒಣಗಲು ಹರಡಿದ ಬೆಳೆಗೆ ಅಕಾಲಿಕ ಮಳೆಯಿಂದ 14 ದಿನಗಳವರೆಗೆ ರಕ್ಷಣೆಯಿದೆ. ಬಾಳೆಗೆ ಗಾಳಿಯ ಹಾನಿ ವಿಮೆಯಲ್ಲಿ ಸೇರಿದೆಯೇ ಎಂಬುದನ್ನು ಕಂತು ಕಟ್ಟುವ ಮುನ್ನವೇ ಗುಂಡ್ಲುಪೇಟೆಯ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ.