ಧನುರ್ವಾಯು (ಮಣ್ಣಿನ ಕೆಲಸಗಾರರಲ್ಲಿ)

ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೆಟೆದುಕೊಳ್ಳುವ ಕಾಯಿಲೆ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಹಾಗಾಗಿ ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಿದ್ದರೂ ಹಾಕಿಸಿಕೊಳ್ಳದವನಿಗೆ ಅದರಿಂದ ರಕ್ಷಣೆಯಿಲ್ಲ.

ಇದರ ಬೀಜಾಣುಗಳು ದನ, ಕುದುರೆಗಳ ಸಗಣಿ-ಲದ್ದಿಯಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಬರೀ ಕುದಿಸಿದರೆ ಸಾಯುವುದೂ ಖಚಿತವಲ್ಲ. 1884ರಲ್ಲಿ ಜರ್ಮನಿಯ ಆರ್ಥರ್ ನಿಕೊಲಾಯರ್ ತೋಟದ ಮಣ್ಣನ್ನೇ ಪ್ರಾಣಿಗಳ ಮೈಗೆ ಸೇರಿಸಿ ರೋಗ ಬರಿಸಿ ತೋರಿಸಿದ. 1889ರಲ್ಲಿ ಜಪಾನಿನ ಕಿತಾಸಾಟೊ ಶಿಬಸಬುರೊ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ.

ತುಕ್ಕು ಹಿಡಿದ ಮೊಳೆಗೆ ಜನ ಹೆದರುವಷ್ಟು ಜಾಲಿ ಮುಳ್ಳಿಗೆ ಹೆದರುವುದಿಲ್ಲ. ತುಕ್ಕಿನಲ್ಲಿ ವಿಶೇಷವೇನಿಲ್ಲ, ಅಪಾಯವಿರುವುದು ಗಾಯಕ್ಕೆ ಸೇರಿದ ಮಣ್ಣಿನಲ್ಲಿ ಮತ್ತು ಗಾಯದ ಆಳದಲ್ಲಿ. ಈ ರೋಗಾಣು ಬೆಳೆಯುವುದು ಗಾಳಿಯಾಡದ ಕಡೆ. ಗೊಬ್ಬರ ಹರಡುವಾಗ ಬರಿಗಾಲಿಗೆ ಚುಚ್ಚಿದ ಮುಳ್ಳಿನ ತೂತು ಸಂಜೆಗೆ ಮುಚ್ಚಿಕೊಂಡಿರುತ್ತದೆ, ನೋವೂ ಇಳಿದಿರುತ್ತದೆ. ಮುರಿದ ತುದಿ ಮಾತ್ರ ಒಳಗೇ ಇರುತ್ತದೆ. ರಕ್ತ ಸುರಿದ ಕುಡುಗೋಲಿನ ಗಾಯಕ್ಕೆ ಆಸ್ಪತ್ರೆಗೆ ಓಡುವವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಗಾಯಕ್ಕೆ ಮಣ್ಣು, ಸಗಣಿ ಮೆತ್ತುವುದಂತೂ ರೋಗವನ್ನು ಕರೆದಂತೆ.

ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ಲಕ್ಷಣ ಕಾಣುತ್ತದೆ. ಮೊದಲು ದವಡೆ ಬಿಗಿಯುತ್ತದೆ, ನುಂಗಲಾಗುವುದಿಲ್ಲ. ಆಮೇಲೆ ಕುತ್ತಿಗೆ, ಹೊಟ್ಟೆ, ಬೆನ್ನು. ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಬಾಗಿ ಸೆಳೆತ ಬರಬಹುದು. ನರಗಳಿಗೆ ಅಂಟಿದ ವಿಷವನ್ನು ಬಿಡಿಸುವ ಮದ್ದಿಲ್ಲ. ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಆರೈಕೆ ಬೇಕಾಗುತ್ತದೆ.

ಗಾಯವಾದ ಕೂಡಲೇ ಸೋಪು, ಹರಿಯುವ ನೀರಿನಿಂದ ತೊಳೆಯಬೇಕು. ಒಳಗುಳಿದ ಮುಳ್ಳು, ಕಸ ತೆಗೆಸಬೇಕು. ‘ಟಿಟಿ’ ಎಂಬ ಧನುರ್ವಾಯು ಲಸಿಕೆಗೆ 24 ಗಂಟೆ ದಾಟಿತೆಂದು ಸುಮ್ಮನಾಗುವುದು ತಪ್ಪು, ತಡವಾದರೂ ಹಾಕಿಸಬೇಕು. ಭಾರತದಲ್ಲಿ ಈಗ ಟಿಟಿಯ ಜಾಗದಲ್ಲಿ ಡಿಫ್ತೀರಿಯಾಕ್ಕೂ ರಕ್ಷಣೆ ಕೊಡುವ ಟಿಡಿ ಲಸಿಕೆ ಬಂದಿದೆ. ಪೆಟ್ಟಾದಾಗಲೆಲ್ಲ ಒಂದು ಚುಚ್ಚುಮದ್ದು ಎಂಬ ರೂಢಿಗಿಂತ ಮೊದಲ ಮೂರು ಡೋಸ್ ಪೂರ್ತಿಯಾಗಿದೆಯೇ ಎಂಬುದು ಮುಖ್ಯ. ಅದಾಗಿದ್ದರೆ 10 ವರ್ಷಕ್ಕೊಮ್ಮೆ ಬೂಸ್ಟರ್ ಸಾಕು. ಮಣ್ಣಾದ ಗಾಯವಾಗಿ, ಹಿಂದಿನ ಡೋಸ್‌ಗೆ 5 ವರ್ಷ ದಾಟಿದ್ದರೆ ಇನ್ನೊಂದು. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ರೈತರಲ್ಲಿ, ಅದರಲ್ಲೂ ಗರ್ಭಿಣಿಯರಿಗೆ ಸಿಗುವ ಚುಚ್ಚುಮದ್ದೂ ಸಿಗದ ಗಂಡಸರಲ್ಲಿ, ಈ ಮೂರು ಡೋಸ್ ಆಗಿರದ ಸಾಧ್ಯತೆ ಹೆಚ್ಚು. ಅಂಥವರಿಗೆ ಕೊಳಕು ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ರೋಗ ಬಂದು ಗುಣವಾದವರಲ್ಲೂ ಪ್ರತಿರೋಧ ಹುಟ್ಟುವುದಿಲ್ಲವಾದ್ದರಿಂದ ಅವರಿಗೂ ಲಸಿಕೆ ಹಾಕಲೇಬೇಕಾಗುತ್ತದೆ.