ಮಯೋರ್ಕಾ ದ್ವೀಪದ ದಾರಿಗಳು

ಒಂದು ನಾಡಿನ ಇತಿಹಾಸವನ್ನು ಅಲ್ಲಿಯ ಅರಸರ ವಂಶಾವಳಿಯಿಂದ ತಿಳಿಯುವುದು ರೂಢಿ. ಅಲ್ಲಿಯ ದಾರಿಗಳನ್ನು ಯಾರು, ಯಾವಾಗ, ಯಾರಿಗೋಸ್ಕರ ಮಾಡಿದರೆಂದು ವಿಚಾರಿಸುವುದರಿಂದಲೂ ಇತಿಹಾಸ ತಿಳಿದೀತು. ಒಮ್ಮೊಮ್ಮೆ ಹೆಚ್ಚು ಚೆನ್ನಾಗಿಯೇ ತಿಳಿದೀತು. ಭೂಮಧ್ಯ ಸಮುದ್ರದ ಮಯೋರ್ಕಾ ದ್ವೀಪವು ಇದಕ್ಕೆ ಒಳ್ಳೆಯ ನಿದರ್ಶನ. ಸ್ಪೇನ್ ದೇಶಕ್ಕೆ ಸೇರಿದ ಬಲೆಯಾರಿಕ್ ದ್ವೀಪಗಳಲ್ಲಿ ಇದೇ ದೊಡ್ಡದು; ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರು. ಇದರ ವಾಯವ್ಯದ ಅಂಚಿನುದ್ದಕ್ಕೂ ತ್ರಮುಂತಾನಾ ಎಂಬ ಬೆಟ್ಟಸಾಲು ಕೋಟೆಯ ಗೋಡೆಯಂತೆ ನಿಂತಿದೆ. ನಡುವೆ ಬಾದಾಮಿ, ಅಂಜೂರಗಳ ಬಯಲು; ದಕ್ಷಿಣದ ಕೊಲ್ಲಿಯ ದಡದಲ್ಲಿ ರಾಜಧಾನಿ ಪಾಲ್ಮಾ. ಈ ದ್ವೀಪವು ಇಂದು ವಿಹಾರಾರ್ಥಿಗಳ ಸ್ವರ್ಗವೆಂದು ಲೋಕಪ್ರಸಿದ್ಧವಾಗಿದೆ. ಆದರೆ ಅಲ್ಲಿಗೆ ಪ್ರವಾಸಿಗಳ ಹಾದಿ ತೆರೆದದ್ದು ಹಂದಿಗಳ ದೆಸೆಯಿಂದ ಎಂದರೆ ವಾಚಕರು ಪರಿಹಾಸವೆಂದು ಬಗೆಯಬಾರದು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ದ್ವೀಪದವರು ಹಂದಿಗಳನ್ನು ಸಾಕಿ ಬಾರ್ಸಿಲೋನಾ ಪಟ್ಟಣಕ್ಕೆ ಮಾರುತ್ತಿದ್ದರು. ಹಾಯಿಹಡಗು ಗಾಳಿಯ ಇಚ್ಛೆಯಂತೆ ಹೋಗತಕ್ಕದ್ದು. ದಾರಿಯಲ್ಲಿ ದಿನಗಳು ಕಳೆದರೆ ಸರಕಿನ ತೂಕ ಇಳಿಯುತ್ತಿತ್ತು. 1837ರಲ್ಲಿ 'ಎಲ್ ಮಯೋರ್ಕೀನ್' ಎಂಬ ಉಗಿಹಡಗು ಈ ಮಾರ್ಗದಲ್ಲಿ ಓಡತೊಡಗಿತು. ಮನುಷ್ಯರೂ ಅದರಲ್ಲಿ ಹೋಗಬಹುದಾಗಿತ್ತು. 1838ರ ನವೆಂಬರಿನಲ್ಲಿ ಹಾಗೆ ಬಂದವರು ಫ್ರೆಂಚ್ ಲೇಖಕಿ ಜಾರ್ಜ್ ಸಾಂದ್, ಆಕೆಯ ಇಬ್ಬರು ಮಕ್ಕಳು, ಮತ್ತು ಪಿಯಾನೋ ವಿದ್ವಾಂಸನಾದ ಷೋಪ್ಯಾ. ಪಾಲ್ಮಾದಲ್ಲಿ ಆಗ ಸರಿಯಾದ ವಸತಿಗೃಹವೇ ಇರಲಿಲ್ಲ. ಷೋಪ್ಯಾನ ಕೆಮ್ಮು ಕ್ಷಯವೆಂದು ತಿಳಿದೊಡನೆ ಬಾಡಿಗೆಮನೆಯ ಒಡೆಯನು ಅವರನ್ನು ಹೊರಡಿಸಿದನು. ಆ ಮೇಲೆ ಅವರು ಬೆಟ್ಟದ ಮೇಲಣ ವಾಲ್ದೆಮೊಸ್ಸಾ ಗ್ರಾಮದ ಮಠದಲ್ಲಿ ನೆಲಸಿದರು. 1835ರ ರಾಜಶಾಸನದಿಂದ ಸಂನ್ಯಾಸಿಗಳು ಹೊರಬಿದ್ದು ಆ ಮಠದ ಕೋಣೆಗಳು ಬರಿದಾಗಿದ್ದುವು. ಪ್ಯಾರಿಸಿನಿಂದ ಬಂದ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡು, ಅದನ್ನು ಬೆಟ್ಟದ ಮೇಲಕ್ಕೆ ತರುವಷ್ಟರಲ್ಲಿ ಜನವರಿಯಾಗಿತ್ತು. ಆ ಚಳಿಯಲ್ಲಿ, ಆ ರೋಗದಲ್ಲಿ, ಷೋಪ್ಯಾ ತನ್ನ 'ಪ್ರೆಲ್ಯೂಡ್' ಕೃತಿಗಳನ್ನು ಮುಗಿಸಿದನೆಂಬುದು ಸಂಗೀತದ ಇತಿಹಾಸಕ್ಕೆ ಸೇರಿದ ಮಾತು. ಫೆಬ್ರವರಿಯಲ್ಲಿ ಅವರು ಅದೇ ಹಡಗಿನಲ್ಲಿ ಹಿಂದಿರುಗಿದರು. ಜೊತೆಗೆ ನೂರು ಹಂದಿಗಳಿದ್ದುವೆಂದು ಸಾಂದ್ ಬರೆದಿದ್ದಾಳೆ.

ಆಕೆಯ ಪ್ರವಾಸಗ್ರಂಥವು ಪ್ರಕೃತಿಯನ್ನು ಎಷ್ಟು ಹೊಗಳಿದೆಯೋ ಜನರನ್ನು ಅಷ್ಟೇ ಹಳಿದಿದೆ. ರೋಗಿಯನ್ನು ಹೊರಹಾಕಿದವರ ಮೇಲೆ ಕೋಪ ಸಹಜವೇ. ಆದರೂ ಮೂರು ತಿಂಗಳ ಪರಿಚಯದಿಂದ ಒಂದು ಜನಾಂಗದ ಶೀಲವನ್ನೇ ನಿರ್ಣಯಿಸುವುದು ಪ್ರವಾಸಿಗಳಿಗೆ ಮಾತ್ರ ಸಾಧ್ಯವಾದ ಸಾಹಸ. ವಿಚಿತ್ರವೆಂದರೆ ಆ ಕೋಣೆಗಳೇ ಈಗ ದ್ವೀಪದ ಪ್ರೇಕ್ಷಣೀಯ ಸ್ಥಳಗಳಾಗಿವೆ. ಷೋಪ್ಯಾ ಇದ್ದದ್ದು ಯಾವ ಕೋಣೆಯಲ್ಲಿ ಎಂಬ ವಿವಾದವು ನ್ಯಾಯಾಲಯದವರೆಗೂ ಹೋದುದುಂಟು.

ಎಲ್ಲ ಪರದೇಶಿಗಳೂ ಹೀಗೆಯೇ ಎನ್ನಲಾಗದು. 1867ರಲ್ಲಿ ಮೊದಲು ಅಲ್ಲಿಗೆ ಬಂದ ಆಸ್ಟ್ರಿಯಾದ ರಾಜಕುಮಾರ ಲೂಡ್ವಿಗ್ ಸಾಲ್ವಾಟೋರನು ಜನರ ಭಾಷೆಯನ್ನು ಕಲಿತನು. 1872ರಲ್ಲಿ ಮಿರಾಮಾರ್ ಎಂಬ ಹಳೆಯ ಮಠವನ್ನು ಕೊಂಡು ಅಲ್ಲಿಯೇ ನೆಲಸಿದನು. ಬಲೆಯಾರಿಕ್ ದ್ವೀಪಗಳ ನೆಲ, ಬೆಳೆ, ಉಡಿಗೆ, ಹಾಡು, ಕಸಬುಗಳನ್ನೆಲ್ಲ ವರ್ಣಿಸುವ ಮಹಾಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ರಚಿಸಿದನು. ಕಡಲಿನ ಮೇಲಣ ಕಡಿದಾದ ಬೆಟ್ಟದಲ್ಲಿ ಕಾಲುದಾರಿಗಳನ್ನು ಕಡಿಸಿ, ನಿಂತು ನೋಡುವುದಕ್ಕೆ ಕಲ್ಲಿನ ಕಟ್ಟೆಗಳನ್ನು ಕಟ್ಟಿಸಿದನು. ದಾರಿಹೋಕರಿಗೆ ಅವನ ಛತ್ರದಲ್ಲಿ ಮೂರು ರಾತ್ರಿ ಬಿಟ್ಟಿ ವಸತಿಯಿತ್ತು. ಆ ಕಾಲುದಾರಿಗಳಲ್ಲಿ ಜನರು ಈಗಲೂ ನಡೆದಾಡುತ್ತಾರೆ.

ದ್ವೀಪದ ಮೊದಲ ರೈಲು 1875ರಲ್ಲಿ ಪಾಲ್ಮಾದಿಂದ ಬಯಲಿನ ಇಂಕಾ ಪಟ್ಟಣಕ್ಕೆ ಹೋಯಿತು. ಅದರ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಬಯಲಿನಲ್ಲಿ ಹಳಿ ಹಾಸುವುದು ಹಣವಿದ್ದವರಿಗೆ ಕಷ್ಟವಲ್ಲ. ನಿಜವಾದ ಸಾಹಸವೆಂದರೆ ಸೋಲ್ಯೆರ್ ಕಣಿವೆಯದು.

ಸೋಲ್ಯೆರ್ ಬೆಟ್ಟದ ಗೋಡೆಯ ಆಚೆಗಿರುವ ಕಿತ್ತಳೆ ತೋಟಗಳ ಊರು. ಪಾಲ್ಮಾಕ್ಕೆ ಮೂವತ್ತು ಕಿಲೋಮೀಟರಿನಷ್ಟು ಹತ್ತಿರವಾದರೂ ನಡುವೆ ಸುಮಾರು ಐನೂರು ಮೀಟರು ಎತ್ತರದ ಕಣಿವೆದಾರಿಯನ್ನು ಹಾವಿನಂತೆ ಸುತ್ತಿಸುತ್ತಿ ಏರಿಳಿಯಬೇಕಾಗಿತ್ತು. ಆದುದರಿಂದ ಆ ಊರವರಿಗೆ ಪಾಲ್ಮಾಕ್ಕಿಂತ ಕಡಲಾಚೆಯ ಫ್ರಾನ್ಸ್ ಹತ್ತಿರವಾಗಿತ್ತು. ಹಣ್ಣು ತುಂಬಿದ ಹಡಗುಗಳು ತಮ್ಮದೇ ರೇವಿನಿಂದ ನೇರವಾಗಿ ಫ್ರೆಂಚ್ ಬಂದರುಗಳಿಗೆ ಹೋಗುತ್ತಿದ್ದುವು. ಕಿತ್ತಳೆ ಗಿಡಗಳಿಗೆ ರೋಗ ತಗುಲಿದ 1860ರ ದಶಕದ ಮೇಲೆ ಜನರೂ ಅಲ್ಲಿಗೇ ಹೋಗಿ, ಅಲ್ಲಿಯ ಪೇಟೆಗಳಲ್ಲಿ ಹಣ್ಣಿನ ಅಂಗಡಿಗಳನ್ನಿಟ್ಟು, ದುಡ್ಡು ಮಾಡಿ, ಊರಿಗೆ ಬಂದು ದೊಡ್ಡ ಮನೆಗಳನ್ನು ಕಟ್ಟಿದರು. ಈ ಊರಿನವರು 1905ರಲ್ಲಿ ಕೂಡಿ ಒಂದು ರೈಲು ಕಂಪೆನಿಯನ್ನು ಸ್ಥಾಪಿಸಿದರು. ಮುಂದಾಳು ಜೆರೋನಿ ಎಸ್ತಾದೆಸ್; ಬಂಡವಾಳದ ಬಹುಭಾಗ ಊರವರದೇ.

ಬೆಟ್ಟವನ್ನು ಸುತ್ತಿಹೋಗುವ ಬದಲು ತೂರಿಹೋಗುವುದೆಂದು ನಿಶ್ಚಯವಾಯಿತು. 27 ಕಿಲೋಮೀಟರಿಗೆ ಸ್ವಲ್ಪ ಮೀರಿದ ಹಾದಿಯಲ್ಲಿ ಹದಿಮೂರು ಸುರಂಗಗಳು; ಅವುಗಳಲ್ಲಿ ದೊಡ್ಡದರ ಉದ್ದ 2,876 ಮೀಟರು. ಹಳಿಗಳ ನಡುವಣ ಅಂತರ ಮೂರೇ ಅಡಿ. ಕಲ್ಲಾರಿನಿಂದ ಕೂನೂರಿಗೆ ಹಲ್ಲುಹಳಿಯನ್ನು ಕಚ್ಚಿಕೊಂಡು ಏರುವ ನಮ್ಮ ನೀಲಗಿರಿಯ ರೈಲನ್ನು ಬಲ್ಲವರಿಗೆ, ಸೋಲ್ಯೆರಿನ ರೈಲು ಅಂಥ ಹಲ್ಲುಹಳಿಯಿಲ್ಲದೆ ಬರಿಯ ಸುತ್ತುಗಳಿಂದಲೇ ಇಳಿಯುತ್ತದೆಂಬುದು ಕುತೂಹಲದ ವಿಷಯವಾದೀತು. 1912ರ ಏಪ್ರಿಲ್ 16ರಂದು ಮಾರ್ಗದ ಪ್ರಾರಂಭೋತ್ಸವ ನಡೆಯಿತು. ಮರುವರ್ಷ ಊರಿನಿಂದ ರೇವಿಗೆ ಟ್ರಾಮ್ ಬಂದಿತು. ಸರ್ಕಾರದ ಸಹಾಯಧನ ಸಿಗಬೇಕಾದರೆ ಮಾರ್ಗವು ಮೂವತ್ತು ಕಿಲೋಮೀಟರಿಗೆ ಕಡಮೆಯಿರಕೂಡದೆಂದು ನಿಯಮವಿದ್ದುದರಿಂದ ಟ್ರಾಮಿನ ಉದ್ದವನ್ನು ಸೇರಿಸಿ ಲೆಕ್ಕ ತುಂಬಿಸಿದರೆಂದು ಹೇಳುತ್ತಾರೆ. ಊರವರ ಜಾಣತನಕ್ಕೆ ಇದು ಒಪ್ಪುವ ಕಥೆ. 1929ರಲ್ಲಿ ಉಗಿಯಂತ್ರಗಳು ಹೋಗಿ ವಿದ್ಯುಚ್ಛಕ್ತಿ ಬಂದಿತು. ಹಣ್ಣಿನ ಬುಟ್ಟಿಗಳು, ಪೇಟೆಗೆ ಹೋಗುವ ಹೆಂಗಸರು, ಶಾಲೆಯ ಹುಡುಗರು, ಅಂಚೆಯ ಚೀಲಗಳು: ಈ ರೈಲು ಇವರಿಗಾಗಿ ಹುಟ್ಟಿದ್ದು. ನೋಟವನ್ನು ನೋಡುವವರು ಅದರಲ್ಲಿ ಕುಳಿತರೆ ಕುಳಿತಾರು, ಅಷ್ಟೆ.

ಅದೇ ವರ್ಷಗಳಲ್ಲಿ ದ್ವೀಪದಿಂದ ಹೊರಕ್ಕೆ ಸಂಚರಿಸಿದ ಒಬ್ಬ ಪ್ರವಾಸಿಯನ್ನು ಇಲ್ಲಿ ನೆನೆಯದಿರಲಾಗದು. ಪಾದ್ರಿ ಆಂತೋನಿ ಮರಿಯಾ ಅಲ್ಕೋವೆರನು 1901ರಲ್ಲಿ ತನ್ನ ಭಾಷೆಗೊಂದು ನಿಘಂಟನ್ನು ರಚಿಸಲು ಜನರಿಗೆ ಕರೆಯಿತ್ತನು. ಆ ಭಾಷೆ ಕ್ಯಾಟಲನ್. ಮಯೋರ್ಕಾದಲ್ಲಿ ಅದರ ದ್ವೀಪಭೇದ ಬಳಕೆಯಲ್ಲಿದೆ. ಅವನು ಆ ಭಾಷೆಯನ್ನಾಡುವ ಊರುಗಳಲ್ಲೆಲ್ಲ, ಸ್ಪೇನಿನ ಗಡಿಯಾಚೆಗಿನ ಫ್ರೆಂಚ್ ನೆಲದಲ್ಲಿಯೂ, ರೈತರ ಬಾಯಿಂದ ಶಬ್ದಗಳನ್ನು ಕೇಳಿ ಬರೆದುಕೊಂಡನು. 1932ರಲ್ಲಿ ಅವನು ತೀರಿಕೊಂಡನು. ಅವನ ಸಹಾಯಕ ಫ್ರಾನ್ಸೆಸ್ಕ್ ದೆ ಬೋರ್ಜಾ ಮೋಲ್ ಹತ್ತು ಸಂಪುಟಗಳ ಆ ಕೆಲಸವನ್ನು 1962ರಲ್ಲಿ ಮುಗಿಸಿದನು. ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಆ ಭಾಷೆಗೆ ಪ್ರವೇಶವಿಲ್ಲದ ಫ್ರಾಂಕೋ ಆಡಳಿತದ ಕಾಲದಲ್ಲಿ ಮುಗಿಸಿದನು. ಅಲ್ಲಿಯ ಆಡಳಿತದಲ್ಲಿ ಕ್ಯಾಟಲನ್ನಿಗೆ ಸ್ಥಾನ ದೊರೆತದ್ದು 1983ರ ಸ್ವಾಯತ್ತತಾ ಶಾಸನದ ತರುವಾಯ.

ಇತ್ತ ಪ್ರವಾಸೋದ್ಯಮವೆಂಬ ಹೊಸ ಬೆಳೆ ಬೇರೂರುತ್ತಿತ್ತು. 1903ರಲ್ಲಿ ಪಾಲ್ಮಾದಲ್ಲಿ 'ಗ್ರಾನ್ ಹೋಟೆಲ್' ತೆರೆಯಿತು. 1905ರಲ್ಲಿ ಪ್ರವಾಸಿಗಳನ್ನು ಬರಮಾಡಿಕೊಳ್ಳುವುದಕ್ಕೆಂದೇ ಊರಿನ ಪ್ರಮುಖರು ಒಂದು ಸಂಘವನ್ನು ಕಟ್ಟಿದರು. ಒಂದೇ ವರ್ಷದಲ್ಲಿ ಹಣ್ಣಿನವರ ರೈಲು ಕಂಪೆನಿಯೂ ಈ ಸಂಘವೂ ಹುಟ್ಟಿದುವೆಂಬುದನ್ನು ಗಮನಿಸಬೇಕು. ಮುಂದಿನ ಬದಲಾವಣೆಯ ಗುರುತು ಸಾ ಕಲೋಬ್ರಾ ರಸ್ತೆಯಲ್ಲಿದೆ. 1930ರ ದಶಕದ ಆರಂಭದಲ್ಲಿ ಇಂಜಿನಿಯರ್ ಆಂತೋನಿಯೋ ಪಾರಿಯೆತ್ತಿ ಇದನ್ನು ರಚಿಸಿದನು. ಸುಮಾರು 680 ಮೀಟರು ಎತ್ತರದಿಂದ ಬಂಡೆಗಳ ನಡುವೆ ತಿರುತಿರುಗಿ ಅದು ಕಡಲಿಗಿಳಿಯುತ್ತದೆ; ಒಂದು ಕಡೆ ಕೊರಳಪಟ್ಟಿಯ ಗಂಟಿನಂತೆ ತನ್ನದೇ ಕೆಳಗೆ ನುಸುಳಿ ಬರುತ್ತದೆ. ಅದನ್ನು ನೋಡಿದವರು ಕಟ್ಟಿದವನ ಕೈಗೆ ತಲೆದೂಗಲೇಬೇಕು. ಆದರೆ ಅದರ ಕೊನೆಯಲ್ಲಿರುವುದು ಪಟ್ಟಣವಲ್ಲ, ಸಂತೆಯಲ್ಲ. ಕಮರಿಯ ಬಾಯಿ, ಅಂಗೈಯಗಲ ತೀರ, ನಾಲ್ಕಾರು ಮನೆ. ನೋಡುವುದಕ್ಕೆಂದೇ ಮಾಡಿದ ದಾರಿ ಅದು. ದ್ವೀಪದ ಇತಿಹಾಸದಲ್ಲಿ ದಾರಿಯ ಅರ್ಥವೇ ಅಲ್ಲಿ ತಿರುಗಿತೆಂದು ನನ್ನ ಎಣಿಕೆ.

ಅಂತರ್ಯುದ್ಧ ಮತ್ತು ಎರಡನೆಯ ಮಹಾಯುದ್ಧಗಳು ಎಲ್ಲವನ್ನೂ ಹತ್ತು ವರ್ಷ ತಡೆದುವು. ಅನಂತರ ಬಂದದ್ದು ಪ್ರವಾಹ. ವ್ಲಾದಿಮೀರ್ ರೈಟ್ಸ್ ಎಂಬಾತನು 1950ರಲ್ಲಿ ಲಂಡನ್ನಿನಿಂದ ಕಾರ್ಸಿಕಾ ದ್ವೀಪಕ್ಕೆ ಬಾಡಿಗೆ ವಿಮಾನದಲ್ಲಿ ಜನರನ್ನೊಯ್ದನು. ಪ್ರಯಾಣ, ವಸತಿ, ಊಟ ಎಲ್ಲಕ್ಕೂ ಸೇರಿ ಒಂದೇ ದರ. 1952ರಲ್ಲಿ ಅವನ ವಿಮಾನಗಳು ಪಾಲ್ಮಾಕ್ಕೂ ಬಂದುವು. 1960ರಲ್ಲಿ ದೊಡ್ಡ ವಿಮಾನನಿಲ್ದಾಣ ತೆರೆಯಿತು. ಕಡಲಂಚಿನ ಮರಳುಗಾಡು ಹೊಲಕ್ಕಿಂತ ಬೆಲೆಬಾಳತೊಡಗಿತು. ಮೋಟಾರುಗಳು ಹೆಚ್ಚಿದಂತೆ ಬಯಲಿನ ರೈಲುಗಳು ಒಂದೊಂದಾಗಿ ನಿಂತುವು: ಸಂತಾನ್ಯೀ ಮಾರ್ಗ 1964ರಲ್ಲಿ, ಅರ್ತಾ ಮಾರ್ಗ 1977ರಲ್ಲಿ. ಅರ್ತಾ ಮಾರ್ಗದಲ್ಲಿ ಮಾನಾಕೋರ್‌ವರೆಗಿನ ಭಾಗ ಮಾತ್ರ 2003ರಲ್ಲಿ ಮರಳಿ ಜೀವ ಪಡೆಯಿತು. ಒಂಬತ್ತು ಲಕ್ಷಕ್ಕೆ ಮೀರಿದ ಜನವಸತಿಯ ಈ ದ್ವೀಪದ ವಿಮಾನನಿಲ್ದಾಣದಲ್ಲಿ 2024ರಲ್ಲಿ ಬಂದವರು ಹೋದವರು ಸೇರಿ ಮೂರು ಕೋಟಿಗೂ ಹೆಚ್ಚು. ಆ ವರ್ಷದ ಜುಲೈಯಲ್ಲಿ ದ್ವೀಪವಾಸಿಗಳು ಸಾವಿರಾರು ಸಂಖ್ಯೆಯಲ್ಲಿ ಪಾಲ್ಮಾದ ಬೀದಿಗಿಳಿದರು. ಮನೆಗಳೆಲ್ಲ ಪ್ರವಾಸಿಗಳಿಗೆ ಬಾಡಿಗೆ ಹೋದರೆ ತಮ್ಮ ಮಕ್ಕಳು ಎಲ್ಲಿರಬೇಕೆಂಬುದು ಅವರ ಪ್ರಶ್ನೆ. ಬಂದವರೆಲ್ಲ ಕೆಟ್ಟವರೆಂದು ಅವರು ಹೇಳಲಿಲ್ಲ. ಅವರಲ್ಲಿ ಅನೇಕರ ಅನ್ನವೂ ಪ್ರವಾಸಿಗಳಿಂದಲೇ. ತೊಡಕು ಇರುವುದು ಅಲ್ಲಿಯೇ.

ಸೋಲ್ಯೆರಿನ ಬೆಟ್ಟದಲ್ಲಿ 1997ರಲ್ಲಿ ಮತ್ತೊಂದು ಸುರಂಗ ತೆರೆಯಿತು. ಇದು ಮೋಟಾರುಗಳಿಗಾಗಿ, ಮೂರು ಕಿಲೋಮೀಟರಿನಷ್ಟು ಉದ್ದ. ಮೊದಲ ಇಪ್ಪತ್ತು ವರ್ಷ ಸುಂಕವಿತ್ತು. 2017ರ ಕೊನೆಯಲ್ಲಿ ಅದೂ ಹೋಯಿತು. ಈಗ ಊರವರು ಬಸ್ಸು ಕಾರುಗಳಲ್ಲಿ ಕೆಲವೇ ನಿಮಿಷಗಳಲ್ಲಿ ಬೆಟ್ಟವನ್ನು ದಾಟುತ್ತಾರೆ. ಅವರ ಅಜ್ಜಂದಿರು ಪಾಲು ಹಾಕಿ ಕಟ್ಟಿದ ರೈಲು ಅದೇ ಮರದ ಪೆಟ್ಟಿಗೆಗಳೊಡನೆ, ಹಿತ್ತಾಳೆಯ ಹಿಡಿಗಳೊಡನೆ, ಪ್ರವಾಸಿಗಳನ್ನು ತುಂಬಿಕೊಂಡು ಒಂದು ಗಂಟೆಯ ಹಾದಿಯನ್ನು ಸವೆಸುತ್ತದೆ. ಸುರಂಗ ದಾಟಿದ ಮೇಲೆ ಕಣಿವೆ ಕಾಣುವ ಒಂದು ತಿರುವಿನಲ್ಲಿ, ಹತ್ತುವವರಾಗಲಿ ಇಳಿಯುವವರಾಗಲಿ ಇಲ್ಲದಿದ್ದರೂ, ಕೆಲವು ರೈಲುಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ. ಕೆಳಗೆ ಕಿತ್ತಳೆ ತೋಟಗಳು. ಪ್ರವಾಸಿಗಳು ಭಾವಚಿತ್ರ ತೆಗೆದುಕೊಳ್ಳುತ್ತಾರೆ.