ಮೈಸೂರು ಸೀಮೆಯ ಕಚೇರಿ ನೌಕರಿ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಿಧಾನಸೌಧಕ್ಕೆ ಇದಿರಾಗಿ ನಿಂತು, ಇಂದು ಉಚ್ಚ ನ್ಯಾಯಾಲಯಕ್ಕೆ ಆಶ್ರಯವಾಗಿರುವ ಕೆಂಪು ಕಟ್ಟಡವನ್ನು ಹಳೆಯ ತಲೆಮಾರಿನವರು ಅಠಾರಾ ಕಚೇರಿ ಎಂದೇ ಕರೆಯುತ್ತಿದ್ದರು. 1868ರಲ್ಲಿ ಕಟ್ಟಿ ಮುಗಿದ ಆ ಸೌಧಕ್ಕೆ, ಅದುವರೆಗೆ ಕೋಟೆಯೊಳಗೆ ಟಿಪ್ಪುವಿನ ಅರಮನೆಯಲ್ಲಿ ನಡೆದುಬರುತ್ತಿದ್ದ ಸರ್ಕಾರದ ಇಲಾಖೆಗಳು ತಮ್ಮ ದಫ್ತರಗಳ ಸಮೇತ ಬಂದು ಸೇರಿದುವು. ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದವನು ಚಿಕ್ಕದೇವರಾಜ ಒಡೆಯನೆಂದೂ, ಔರಂಗಜೇಬನ ಆಸ್ಥಾನಕ್ಕೆ ತಾನು ಕಳುಹಿಸಿದ್ದ ನಿಯೋಗವು ಹಿಂದಿರುಗಿದ ಮೇಲೆ ಅಲ್ಲಿನ ಮಾದರಿಯನ್ನು ನೋಡಿ ಹೀಗೆ ಮಾಡಿದನೆಂದೂ ಇತಿಹಾಸಕಾರನಾದ ವಿಲ್ಕ್ಸ್ ಬರೆದಿದ್ದಾನೆ. ಇಲಾಖೆಗಳ ಸಂಖ್ಯೆ ಕಾಲಕಾಲಕ್ಕೆ ಬದಲಾದರೂ ಹದಿನೆಂಟು ಎಂಬ ಅರ್ಥದ ಅಠಾರಾ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಸರ್ಕಾರಿ ವ್ಯವಹಾರದಲ್ಲಿ ಹೀಗಾಗುವುದು ಆಶ್ಚರ್ಯವೇನೂ ಅಲ್ಲ.

ಆ ಕಟ್ಟಡಕ್ಕಿಂತ ಹೆಚ್ಚಿನ ಕುತೂಹಲಕ್ಕೆ ಯೋಗ್ಯವಾದುದು ಅದರೊಳಗೆ ಕುಳಿತು ಬರೆಯುತ್ತಿದ್ದವರ ಕಥೆ. ಬ್ರಿಟಿಷರ ಪರವಾಗಿ ಕಬ್ಬನ್ ಕಮಿಷನರನಾಗಿದ್ದ ದಿನಗಳವರೆಗೂ ಲೆಕ್ಕಪತ್ರಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಎರಡು ದಫ್ತರಗಳಾಗಿ ನಡೆಯುತ್ತಿದ್ದುವು. ಹುಣಿಸೆಬೀಜದ ಅಂಟಿಗೆ ಇದ್ದಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿದ ಕಪ್ಪು ಕಡತದ ಮಡಿಕೆಗಳ ಮೇಲೆ ಬಳಪದಿಂದ ಬರೆಯುವ ಪದ್ಧತಿ ಕಾಗದಕ್ಕೆ ಸ್ಥಳವನ್ನು ಬಿಟ್ಟುಕೊಡುತ್ತ ಬಂದದ್ದೂ ಆ ಕಾಲದಲ್ಲಿಯೇ. ಇಂಥ ಬರವಣಿಗೆಯನ್ನು ಕಲಿಸುವ ಶಾಲೆ ಯಾವುದೂ ಇರಲಿಲ್ಲ. ಕಚೇರಿಯೇ ಶಾಲೆ, ತಂದೆಯೋ ಸೋದರಮಾವನೋ ಉಪಾಧ್ಯಾಯ. ಹುಡುಗನು ಉಮೇದುವಾರನೆಂಬ ಹೆಸರಿನಿಂದ ಸಂಬಳವಿಲ್ಲದೆ ಗುಮಾಸ್ತೆಯ ಪಕ್ಕದಲ್ಲಿ ಕುಳಿತು, ನಕಲು ಮಾಡಿ, ಟಪಾಲು ಕಟ್ಟಿ, ಹಿರಿಯರ ಅಕ್ಷರದ ತಿರುವನ್ನು ತನ್ನ ಕೈಗೆ ತಂದುಕೊಂಡು, ಎಲ್ಲಿಯಾದರೂ ಒಂದು ಸ್ಥಾನ ತೆರವಾಗುವವರೆಗೆ ವರ್ಷಗಟ್ಟಲೆ ಕಾದಿರುತ್ತಿದ್ದನು. ಆ ಬಿಡುವಿಲ್ಲದ ಕಾಯುವಿಕೆಯಲ್ಲಿ ಅವನನ್ನು ಅನ್ನವಿಕ್ಕಿ ಸಾಕುವ ಶಕ್ತಿ ಯಾವ ಮನೆಗೆ ಇದ್ದಿತೋ ಆ ಮನೆಯ ಹುಡುಗನಿಗೆ ಮಾತ್ರ ನೌಕರಿ ದೊರೆಯುತ್ತಿದ್ದಿತೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

1881ರಲ್ಲಿ ರಾಜ್ಯವು ಬ್ರಿಟಿಷರ ಕೈಯಿಂದ ಒಡೆಯರ ವಂಶಕ್ಕೆ ಮರಳಿದ ಮೇಲೆ ಈ ಕ್ರಮವು ಮೇಲಿನಿಂದ ಸಡಿಲತೊಡಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಉನ್ನತ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯ ಮೂಲಕ ಜನರನ್ನು ಆರಿಸುವ ಮೈಸೂರು ಸಿವಿಲ್ ಸರ್ವಿಸ್ ಏರ್ಪಟ್ಟಿತು. ವಂಶವೂ ಶಿಫಾರಸೂ ನಿರ್ಣಯಿಸುತ್ತಿದ್ದ ವಿಷಯವನ್ನು ಇನ್ನು ಮುಂದೆ ಉತ್ತರಪತ್ರಿಕೆಯು ನಿರ್ಣಯಿಸುವುದೆಂಬ ಭಾವನೆಯು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯವು ದೊರೆತದ್ದು 1916ರಲ್ಲಿ. ಅಲ್ಲಿಯವರೆಗೆ ಸೆಂಟ್ರಲ್ ಕಾಲೇಜಾಗಲಿ ಮಹಾರಾಜಾ ಕಾಲೇಜಾಗಲಿ ಮದರಾಸಿನ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದುವು. ಮದರಾಸಿನಿಂದ ಬಂದ ಅಧಿಕಾರಿಗಳೇ ಮೇಲಿನ ಸ್ಥಾನಗಳನ್ನೆಲ್ಲ ತುಂಬಿಕೊಂಡಿರುವರೆಂಬ ಗೊಣಗಾಟವು ಸ್ಥಳೀಯರಲ್ಲಿ ಬಲವಾಗಿದ್ದಿತು. ಮೈಸೂರು ಮೈಸೂರಿನವರಿಗೆ ಎಂಬ ಕೂಗು ಹುಟ್ಟಿದ್ದು ಈ ಕಚೇರಿಗಳ ಪಡಸಾಲೆಯಲ್ಲಿಯೇ ಎಂದರೆ ತಪ್ಪಾಗಲಾರದು.

ಪರೀಕ್ಷೆಯ ಜೊತೆಯಲ್ಲಿಯೇ ಬಂದದ್ದು ನೌಕರಿಯನ್ನು ಒಂದು ಪೂರ್ಣಾಯುಷ್ಯದ ಯಾತ್ರೆಯಾಗಿ ಕಾಣುವ ದೃಷ್ಟಿ. ಹಂಗಾಮಿಯಾಗಿ ಸೇರಿ, ಇಲಾಖಾ ಪರೀಕ್ಷೆಗಳನ್ನು ಮುಗಿಸಿ, ಕಾಯಂ ಆಗಿ, ಗುಮಾಸ್ತೆಯು ಶಿರಸ್ತೇದಾರನಾಗುವುದನ್ನೂ, ಶೇಕದಾರನು ಅಮಲ್ದಾರನಾಗುವುದನ್ನೂ ನಿರೀಕ್ಷಿಸುತ್ತ, ವರ್ಗವಾದಾಗಲೆಲ್ಲ ಹಿತ್ತಾಳೆಯ ಪಾತ್ರೆಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಒಂದು ತಾಲ್ಲೂಕಿನಿಂದ ಇನ್ನೊಂದು ತಾಲ್ಲೂಕಿಗೆ ಹೋಗುತ್ತ, ಕೊನೆಗೆ ಪಿಂಚಣಿಯನ್ನು ಪಡೆದು ವಿಶ್ರಮಿಸುವುದು ಮಧ್ಯಮ ವರ್ಗದ ಬಾಳಿನ ಆದರ್ಶವಾಯಿತು. 1891ರಲ್ಲಿ ಸರ್ಕಾರವು ತನ್ನ ನೌಕರರಿಗಾಗಿಯೇ ಜೀವವಿಮೆಯ ಇಲಾಖೆಯನ್ನು ತೆರೆದು, ತಿಂಗಳ ಸಂಬಳದಲ್ಲಿ ಕಂತನ್ನು ಹಿಡಿದುಕೊಳ್ಳುವ ಏರ್ಪಾಡನ್ನು ಮಾಡಿತು. ಮನೆಯ ಯಜಮಾನನು ಕಣ್ಣು ಮುಚ್ಚಿದರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂಬ ಆಲೋಚನೆಯನ್ನು ಒಂದು ದೇಶೀಯ ಸಂಸ್ಥಾನವು ಆಗಲೇ ಕಾರ್ಯರೂಪಕ್ಕೆ ತಂದುದು ಶ್ಲಾಘ್ಯವಾದುದು. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿದವರಲ್ಲಿ ಇಂಥವರು ಎಷ್ಟು ಮಂದಿಯೆಂದರೆ, ಬೆಂಗಳೂರು ಪಿಂಚಣಿದಾರರ ಪಟ್ಟಣವೆಂಬ ಖ್ಯಾತಿಯನ್ನೇ ಪಡೆಯಿತು.

ಕಚೇರಿಯ ಶಿಷ್ಟಾಚಾರವೂ ಹೀಗೆಯೇ ಗಟ್ಟಿಗೊಂಡಿತು. ಪಂಚೆಯ ಮೇಲೆ ಮುಚ್ಚುಕೊರಳಿನ ಕೋಟು, ತಲೆಗೆ ಪೇಟ, ಹಣೆಯಲ್ಲಿ ನಾಮವೋ ವಿಭೂತಿಯೋ. ಸಾಹೇಬರ ಕೊಠಡಿಯ ಹೊರಗೆ ಡವಾಲಿ ತೊಟ್ಟ ಜವಾನ. ಒಳಗೆ ಹೋಗುವಾಗ ಕೈಕಟ್ಟಿ ನಿಲ್ಲುವ ವಿನಯ. ದಸರೆಯ ದರ್ಬಾರಿನಲ್ಲಿ ರಾಜಸೇವಾಸಕ್ತ, ರಾಜಸೇವಾಪ್ರಸಕ್ತ ಮೊದಲಾದ ಬಿರುದುಗಳು ದೊರೆತವರ ಮನೆಯಲ್ಲಿ ಆ ವರ್ಷವೆಲ್ಲ ಹಬ್ಬ. ಈ ವಿನಯದಲ್ಲಿ ಭಯದ ಅಂಶವು ಬಹಳವಿದ್ದಿತೆಂದು ಒಪ್ಪಿಕೊಂಡರೂ, ಬರೆದ ಪ್ರತಿಯೊಂದು ಸಾಲಿಗೂ ಕೆಳಗೆ ರುಜು ಹಾಕಿದವನು ಹೊಣೆ ಎಂಬ ಶಿಸ್ತನ್ನು ಕಲಿಸಿದ್ದೂ ಅದೇ ಕಚೇರಿ. ಅಂಥ ಶಿಸ್ತಿನೊಳಗೆ ಆತ್ಮಗೌರವಕ್ಕೆ ಸ್ಥಳವಿರಲಿಲ್ಲವೆಂದು ಭಾವಿಸಬಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಸಿವಿಲ್ ಸರ್ವಿಸ್ ಸೇರಿ, ಜಿಲ್ಲೆಗಳನ್ನು ಸುತ್ತುತ್ತ, ಆ ಅಲೆದಾಟದ ನಡುವೆಯೇ ಕನ್ನಡ ಸಣ್ಣಕಥೆಯನ್ನು ಬೆಳೆಸಿ, 1943ರಲ್ಲಿ, ತಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಮಂತ್ರಿಸಮಾನವಾದ ಸ್ಥಾನವು ಕಿರಿಯರೊಬ್ಬರಿಗೆ ಹೋದಾಗ, ರಾಜೀನಾಮೆಯನ್ನಿತ್ತು ಹೊರಬಂದರು. ಮುನಿಸಿಕೊಂಡು ಕುಳಿತು ಪಿಂಚಣಿಯ ದಿನವನ್ನು ಎಣಿಸುವುದು ಅವರಿಗೆ ಸುಲಭವಾಗಿದ್ದಿತು. ಅವರು ಹಾಗೆ ಮಾಡಲಿಲ್ಲ.

ಇಷ್ಟಾದರೂ ಮುಖ್ಯವಾದ ಪ್ರಶ್ನೆಯು ಬೇರೆ. ಈ ಕಚೇರಿ ಯಾರದು? ಪರೀಕ್ಷೆಯು ಬಂದ ಮೇಲೆ ನೌಕರಿಯು ಅರ್ಹರಾದ ಎಲ್ಲರಿಗೂ ತೆರೆಯಿತೆಂಬ ನಂಬಿಕೆಯಿದ್ದಿತಾದರೂ, ಇಂಗ್ಲಿಷ್ ವಿದ್ಯೆಯನ್ನು ಪಡೆಯಲು ನಗರದ ವಾಸವೂ ಓದುಬರಹದ ಮನೆಯೂ ಬೇಕಾಗಿದ್ದುದರಿಂದ, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರಿಗಿಂತ ಕಡಮೆಯಾಗಿದ್ದ ಬ್ರಾಹ್ಮಣರೇ ಹುದ್ದೆಗಳ ಬಹುಭಾಗವನ್ನು ಹೊಂದಿದ್ದರು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿಯು ಹುಟ್ಟಿತು; ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನಹ ಸಂದಿತು; ಪ್ರಭುಗಳು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟೂ ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಆ ಸಮಿತಿಯು ಸೂಚಿಸಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ದಾರಿಯನ್ನು ಒಪ್ಪಲಿಲ್ಲ. ದಕ್ಷತೆಯು ಕುಂದುವುದೆಂದೂ, ವಿದ್ಯೆಯನ್ನು ವಿಸ್ತರಿಸಿ ವಿದ್ಯಾರ್ಥಿವೇತನಗಳನ್ನು ಕೊಟ್ಟರೆ ಸಮತೆಯು ತಾನಾಗಿ ಬರುವುದೆಂದೂ ಅವರ ಅಭಿಪ್ರಾಯ. 1918ರ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಅವರ ಶುದ್ಧಹಸ್ತವನ್ನೂ ಕಾರ್ಯನಿಷ್ಠೆಯನ್ನೂ ಶಂಕಿಸುವವನು ಮೂಢನೇ ಸರಿ. ಆದರೂ ಈ ವಾದದಲ್ಲಿ ನ್ಯಾಯವು ಮಿಲ್ಲರ್ ಸಮಿತಿಯ ಕಡೆಗೆ ಇದ್ದಿತೆಂದೇ ನನಗೆ ತೋರುತ್ತದೆ. ಉಮೇದುವಾರನ ಕಾಲದಲ್ಲಿ ಕಾಯುವ ಶಕ್ತಿಯಿದ್ದ ಮನೆಗೆ ನೌಕರಿ ದೊರೆಯುತ್ತಿದ್ದಿತು, ಪರೀಕ್ಷೆಯ ಕಾಲದಲ್ಲಿ ಓದಿಸುವ ಶಕ್ತಿಯಿದ್ದ ಮನೆಗೆ; ಎರಡೂ ಬಹುಮಟ್ಟಿಗೆ ಅವೇ ಮನೆಗಳು. ತಾನಾಗಿ ಬರುವ ಸಮತೆಗಾಗಿ ಇನ್ನೊಂದು ತಲೆಮಾರು ಕಾದಿರೆಂದು ಒಕ್ಕಲಿಗನ ಮಗನಿಗೂ ಕುರುಬನ ಮಗನಿಗೂ ಹೇಳುವ ಹಕ್ಕು, ಆಗಲೇ ಒಳಗೆ ಕುಳಿತಿದ್ದವರಿಗೆ ಇರಲಿಲ್ಲ. ಕಚೇರಿಗಳು ಕುಸಿದುಬೀಳುವುವೆಂದು ಹೆದರಿದವರಿದ್ದರು, ಅವು ಕುಸಿಯಲಿಲ್ಲ. ಮೈಸೂರಿಗೆ ಮಾದರಿ ಸಂಸ್ಥಾನವೆಂಬ ಹೆಸರು ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಅಂದರೆ ಈ ಆಜ್ಞೆಯ ತರುವಾಯದ ವರ್ಷಗಳಲ್ಲಿ, ಇನ್ನಷ್ಟು ಹರಡಿತು.

1956ರ ನವೆಂಬರಿನಲ್ಲಿ, ರಾಜ್ಯಗಳ ಪುನರ್ವಿಂಗಡಣೆಯಾಗಿ, ಮುಂಬಯಿ, ಹೈದರಾಬಾದು, ಮದರಾಸು ಮತ್ತು ಕೊಡಗಿನ ನೌಕರರು ಬಂದು ಸೇರಿದಾಗ ಜ್ಯೇಷ್ಠತೆಯ ಪಟ್ಟಿಗಳ ವ್ಯಾಜ್ಯವು ದೀರ್ಘಕಾಲ ನಡೆಯಿತು. ಅದು ಬೇರೊಂದು ಲೇಖನಕ್ಕೆ ಯೋಗ್ಯವಾದ ವಸ್ತು. ಇಲ್ಲಿ ಗಮನಿಸಬೇಕಾದುದೇನೆಂದರೆ, ರಾಜಧಾನಿಯಲ್ಲಿ ಇಷ್ಟೆಲ್ಲ ವಾದವಿವಾದಗಳು ನಡೆಯುತ್ತಿರುವಾಗ ಹಳ್ಳಿಯ ಶಾನುಭೋಗಿಕೆಯೂ ಪಟೇಲಿಕೆಯೂ ತಂದೆಯಿಂದ ಮಗನಿಗೆ ಹಿಂದಿನಂತೆಯೇ ಸಲ್ಲುತ್ತಿದ್ದುವೆಂಬುದು. ರೈತನು ಜೀವಮಾನದಲ್ಲಿ ಒಮ್ಮೆಯೂ ಅಠಾರಾ ಕಚೇರಿಯ ಮೆಟ್ಟಿಲನ್ನು ತುಳಿಯದೆ ಹೋಗಬಹುದಾಗಿದ್ದಿತು. ಖಾತೆಯನ್ನು ಬರೆಯುವ ಶಾನುಭೋಗನ ಜಗಲಿಯನ್ನು ಹತ್ತದೆ ಇರಲಾರನು. ಅವನ ಪಾಲಿಗೆ ಸರ್ಕಾರವೆಂದರೆ ಆ ಜಗಲಿಯೇ; ಅಲ್ಲಿಗೆ ಪರೀಕ್ಷೆಯೂ ಬಂದಿರಲಿಲ್ಲ, ಮಿಲ್ಲರ್ ಸಮಿತಿಯೂ ಬಂದಿರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಶಾಸನವು ಅಂಗೀಕಾರವಾದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು.